ಹಳೇ ಬೀದಿಯ ಹೊಸ ಇಳಿಜಾರು

ಎಲ್ಲ ತಾಪತ್ರಯಕ್ಕೂ ಕಾರಣ ಮನೆ ಮುಂದಿನ ಮೂರು ಮೆಟ್ಟಿಲು. ಅವು ಇಷ್ಟು ವರ್ಷ ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ತಾವು ಬಿದ್ದುಕೊಂಡಿದ್ದವು. ಡ್ರಾಯಿಂಗ್ ಮೇಷ್ಟ್ರ ತಾಯಿ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು, ಆಸ್ಪತ್ರೆಯಲ್ಲಿ ಅದನ್ನು ಕೂಡಿಸಿಕೊಂಡು, ಆ ದಿನ ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಮನೆಗೆ ಬರುವವರಿದ್ದರು. ಬರುವ ಮುಂಚೆ ಮಗನಿಗೆ ಖಡಾಖಂಡಿತವಾಗಿ ಹೇಳಿದ್ದರು:

"ನಾಲ್ಕು ಜನ ಸೇರಿ ನನ್ನನ್ನ ಹೊತ್ಕೊಂಡು ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ. ಮೆಟ್ಟಿಲ ಮೇಲೆ ಮೂಟೆ ಥರ ಎತ್ತೋದಾದ್ರೆ ಈಗಲೇ ಹೇಳು, ಮಗಳ ಮನೆಗೆ ಹೋಗಿಬಿಡ್ತೀನಿ."

ತಾಯಿ ಹೇಳಿದ್ದನ್ನು ಮಾಡುವವರು. ಮಗಳ ಮನೆಗೆ ಹೋದರೆ ವಾಪಸ್ ಬರುವುದು ಸುಳ್ಳು. ಅಮ್ಮನ ಬೈಗುಳ ಕೇಳದೆ ಮೇಷ್ಟ್ರಿಗೆ ಈಗಾಗಲೇ ಮನೆ ಬಿಕೋ ಎನ್ನುತ್ತಿತ್ತು.

ಒಂದು ಇಳಿಜಾರು ಕಟ್ಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಬೀದಿ ಈಗ ಬರಿಯ ಬೀದಿಯಾಗಿರಲಿಲ್ಲ, ಸಂರಕ್ಷಿತ ಬೀದಿಯಾಗಿತ್ತು. ಎದುರುಮನೆ ಬೇಕರಿಯವನು ತನ್ನ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಲು ಹೊರಟಾಗ, ತಮ್ಮ ಅಂಗಳದ ಬಿಸಿಲು ಹೋಗುತ್ತದೆಂದು ಹೆದರಿ ಮನೆಮನೆಗೆ ತಿರುಗಿ ಸಹಿ ಹಾಕಿಸಿ, ಪುರಸಭೆಯ ಕೈಕಾಲು ಹಿಡಿದು ಬೀದಿಗೆ ಆ ಪಟ್ಟ ಕಟ್ಟಿಸಿದವರು ಇದೇ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಬೀದಿಯ ಸಮಿತಿಗೆ ಕಾರ್ಯದರ್ಶಿಯಾದವರೂ ಅವರೇ. ಬೀದಿಗೆ ಕಾಣುವ ಯಾವುದನ್ನೂ ಬದಲಾಯಿಸುವಂತಿಲ್ಲ, ಬದಲಾಯಿಸಲೇಬೇಕಾದರೆ ಎರಡು ತಿಂಗಳು ಗೋಡೆಗೆ ನೋಟೀಸು ಅಂಟಿಸಿ ನೆರೆಹೊರೆಯವರ ತಕರಾರು ಕೇಳಬೇಕು ಎಂದು ನಿಯಮ ಬರೆದದ್ದೂ ಆ ದುಂಡಗಿನ ಅಕ್ಷರವೇ. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಬೀದಿ ಮೂಲೆಯ ಹಳೇ ಕಲ್ಲುಬೆಂಚಿನ ಮೇಲೆ ಬೇಕರಿಯವನು ಬ್ರೆಡ್ ಟ್ರೇ ಪೇರಿಸಿಡುವುದನ್ನು ಕಂಡು ಇನ್ನೊಂದು ನಿಯಮವನ್ನೂ ಸೇರಿಸಿದ್ದರು. ಅಂದಿನಿಂದ ಬೆಂಚಿನ ಸುತ್ತ ಹಗ್ಗ ಬಂತು. ಸಂಜೆ ಅಲ್ಲಿ ಕೂತು ಹರಟುತ್ತಿದ್ದ ಮುದುಕರೆಲ್ಲ ಈಗ ಬೇಕರಿಯ ಕಟ್ಟೆಯ ಮೇಲೆ ಕೂತು ಬೆಂಚನ್ನು ನೋಡುತ್ತಿದ್ದರು.

ಹಿತ್ತಲ ಬಾಗಿಲಿನ ಓಣಿಯಲ್ಲಿ ಪೊರಕೆ ಕೂಡ ಅಡ್ಡಲಾಗಿ ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಹಲಗೆ ಇಟ್ಟು ನೋಡಿದ್ದೂ ಆಗಿತ್ತು. ಹೊಸ ಗಾಲಿಕುರ್ಚಿಯನ್ನು ಆಸ್ಪತ್ರೆಗೆ ಕಳಿಸುವ ಮುಂಚೆ ಅದರಲ್ಲಿ ಹಳೇ ಪುಸ್ತಕದ ಮೂಟೆ ಕೂರಿಸಿ ತಳ್ಳಿದಾಗ ಅರ್ಧ ದಾರಿಯಲ್ಲಿ ಹಲಗೆ ಲಟಕ್ಕನೆ ಮುರಿಯಿತು.

"ಪುಸ್ತಕ ಆಗಿದ್ದಕ್ಕೆ ಸರಿಹೋಯ್ತು. ಅತ್ತೆ ಆಗಿದ್ರೆ ನಿಮ್ಮನ್ನೂ ಆಸ್ಪತ್ರೆಗೆ ಸೇರಿಸ್ಬೇಕಾಗ್ತಿತ್ತು," ಎಂದಳು ಹೆಂಡತಿ.

ಹಾಗಾಗಿ ಆ ದಿನ ಕತ್ತಲು ಹರಿಯುವ ಮೊದಲೇ ಒಬ್ಬ ಗಾರೆಯವನನ್ನು ಕರೆತಂದು, ಹಿತ್ತಲಲ್ಲಿ ಹಾಸಿದ್ದ ಚಪ್ಪಡಿ ಕಲ್ಲುಗಳನ್ನೇ ಎಬ್ಬಿಸಿ, ಮೆಟ್ಟಿಲ ಪಕ್ಕದಲ್ಲಿ ಕದ್ದುಮುಚ್ಚಿ ಇಳಿಜಾರು ಹಾಕಿಸಿದರು. ಬೆಳಕಾದಾಗ ಹತ್ತಿರ ಹೋಗಿ ನೋಡಿದರು. ಕಲ್ಲೇನೋ ಹಳೆಯದು. ಸಂದಿನ ಸಿಮೆಂಟು ಮಾತ್ರ ಮದುವೆ ಗಂಡಿನ ಹಲ್ಲಿನ ಹಾಗೆ ಪಳಪಳ ಹೊಳೆಯುತ್ತಿತ್ತು.

ಅಲ್ಲಿಗೆ ಮೇಷ್ಟ್ರ ವಿದ್ಯೆ ಕೈಹಿಡಿಯಿತು. ಶಾಲೆಯ ನಾಟಕಕ್ಕೆ ರಟ್ಟಿನ ಕೋಟೆ ಕಟ್ಟಿ, ಅದನ್ನು ಸಾವಿರ ವರ್ಷ ಹಳೆಯದು ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಟೀ ಕಾಯಿಸಿ ತಾ ಎಂದು ಹೆಂಡತಿಗೆ ಹೇಳಿದರು. ಆಕೆ ಕುಡಿಯುವುದಕ್ಕೆಂದು ತಿಳಿದು ಧಾರಾಳವಾಗಿ ಸಕ್ಕರೆ ಹಾಕಿ ತಂದಳು. ಮೇಷ್ಟ್ರು ಅದನ್ನು ಬ್ರಶ್ಶಿನಿಂದ ಸಂದುಸಂದಿಗೆ ಬಳಿದರು. ನಲ್ಲಿಯ ಬುಡದ ಪಾಚಿ ಕೆರೆದು ಮೂಲೆಗೆ ಮೆತ್ತಿದರು, ಒಲೆಯ ಮಸಿ ಊದಿದರು. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದಾಗ ತಮಗೇ ಅದು ತಾತನ ಕಾಲದ್ದು ಅನ್ನಿಸಿತು.

ಬೇಕರಿಯವನ ಕಣ್ಣು ಮಾತ್ರ ಎರಡೂ ತೆರೆದಿತ್ತು. ಮಹಡಿ ತಪ್ಪಿದಾಗಿನಿಂದ ಅವನಿಗೆ ಮೇಷ್ಟ್ರ ಮನೆಯೇ ಟೀವಿ. ಅವನು ಅಂಗಡಿ ಬಿಟ್ಟು ನೆಟ್ಟಗೆ ಸಮಿತಿಯ ಅಧ್ಯಕ್ಷರನ್ನು ಕರೆತಂದ. ಅಧ್ಯಕ್ಷರು ನಿವೃತ್ತ ಇಂಜಿನಿಯರ್. ಜೇಬಿನಲ್ಲಿ ಸದಾ ಟೇಪ್ ಇರುತ್ತಿದ್ದುದರಿಂದ ಬೀದಿಯಲ್ಲಿ ಅವರ ಹೆಸರೇ ಟೇಪು ರಾಯರು.

"ನೋಡಿ ಸಾರ್, ನಿನ್ನೆ ಇದು ಇರ್ಲಿಲ್ಲ. ನಿಯಮ ಮಾಡಿದೋರೇ ಹೀಗೆ ಮಾಡಿದ್ರೆ, ಕೆಡವಿಸಬೇಕು ತಾನೆ?" ಎಂದ ಬೇಕರಿಯವನು.

ಮೇಷ್ಟ್ರು ಕೈಗೆ ಮೆತ್ತಿದ್ದ ಮಸಿಯನ್ನು ಬೆನ್ನ ಹಿಂದೆ ಒರೆಸಿಕೊಂಡರು. ಇಲ್ಲಿ ಮೊದಲು ಹೂಕುಂಡಗಳಿದ್ದವು, ಅವನ್ನು ಎತ್ತಿದಾಗ ಕೆಳಗೆ ಇದು ಕಾಣಿಸಿತು ಎಂದು ಏನೋ ತೊದಲಿದರು. ರಾಯರು ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ ಕಲ್ಲು ಸವರುತ್ತಿದ್ದರು, ಸವೆದ ಅಂಚನ್ನು ಅಳೆಯುತ್ತಿದ್ದರು. ಅಷ್ಟರಲ್ಲಿ ಸಂದಿನೊಳಗಿಂದ ಇರುವೆಗಳ ಸಾಲು ಶಿಸ್ತಾಗಿ ಹೊರಟಿತು. ಸಕ್ಕರೆ ತನ್ನ ಕೆಲಸ ಮಾಡಿತ್ತು.

"ಇರುವೆ ಹೀಗೆ ದಾರಿ ಮಾಡ್ಕೊಳ್ಳೋಕೆ ತಲೆಮಾರುಗಳೇ ಬೇಕು ಕಣಯ್ಯ. ನಿನಗೇನು ಗೊತ್ತು, ನಿನ್ನ ಬನ್ನಿಗೆ ಇರುವೆ ಹತ್ತೋದು ಬಿಟ್ರೆ?" ಎಂದು ರಾಯರು ಬೇಕರಿಯವನಿಗೆ ಹೇಳಿದರು. ಅವರ ದನಿ ಗದ್ಗದವಾಗಿತ್ತು.

ಬೇಕರಿಯವನು ಬಿಡಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದು ಇಲ್ಲೇ ತಲೆ ನರೆಸಿದವರು ಬರುತ್ತಿದ್ದಾರಲ್ಲ, ಅವರನ್ನೇ ಕೇಳೋಣ ಎಂದ. ಅವನು ಹೇಳಿ ಬಾಯಿ ಮುಚ್ಚುವುದಕ್ಕೂ ಟ್ಯಾಕ್ಸಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಡ್ರೈವರ್ ಗಾಲಿಕುರ್ಚಿ ಬಿಡಿಸಿ ತಾಯಿಯನ್ನು ಕೂರಿಸಿದ. ಆಕೆ ಮೊದಲು ಇಳಿಜಾರನ್ನು ನೋಡಿದರು, ಆಮೇಲೆ ಬೆವರುತ್ತಿದ್ದ ಮಗನನ್ನು. ಮಗ ಚಿಕ್ಕವನಿದ್ದಾಗ ಗಾಜಿನ ಲೋಟ ಒಡೆದು ಇದೇ ಮುಖ ಮಾಡಿಕೊಂಡು ನಿಲ್ಲುತ್ತಿದ್ದ. ಆಕೆಗೆ ಎಲ್ಲವೂ ಅರ್ಥವಾಯಿತು. ತನಗಾಗಿ ಕಟ್ಟಿಸಿದ್ದಾನೆ, ಸಿಕ್ಕಿಬಿದ್ದಿದ್ದಾನೆ.

"ಅಮ್ಮಾ, ನೀವು ಹಿರಿಯರು. ನಿಜ ಹೇಳಿ. ಇದು ಯಾವಾಗಿನದು?" ರಾಯರು ಕೇಳಿದರು.

ತಾಯಿ ಜೀವನದಲ್ಲಿ ಸುಳ್ಳು ಹೇಳಿದವರಲ್ಲ. ಆದರೆ ಇವತ್ತು ಕೈಯಲ್ಲಿದ್ದದ್ದು ಲೋಟವಲ್ಲ, ಮಗನ ಮರ್ಯಾದೆ.

"ಇದಾ? ಇದು ನಮ್ಮ ಮಾವನೋರ ಕಾಲದ್ದಪ್ಪ. ಅವರಿಗೊಂದು ಕೈಗಾಡಿ ಇತ್ತು. ಸಾಮಾನೆಲ್ಲ ಇದರ ಮೇಲೇ ಒಳಗೆ ತಳ್ತಿದ್ರು. ಆಮೇಲೆ ಹೂಕುಂಡ ಇಟ್ಟು ಮರೆತೇಬಿಟ್ವಿ." ಇಷ್ಟು ಹೇಳಿ, ಸುಳ್ಳಿಗೆ ಇನ್ನಷ್ಟು ರುಚಿ ಇರಲೆಂದು, "ನಾನು ಈ ಮನೆಗೆ ಬಂದಾಗಲೇ ಕಲ್ಲು ಸವೆದಿತ್ತು," ಎಂದು ಸೇರಿಸಿದರು.

ಹೂಕುಂಡದ ಮಾತು ಇಬ್ಬರ ಬಾಯಲ್ಲೂ ಒಂದೇ ಬಂದದ್ದು ಹೇಗೆಂದು ಮೇಷ್ಟ್ರಿಗೆ ಇವತ್ತಿಗೂ ತಿಳಿದಿಲ್ಲ. ತಾಯಿ ಮಗ ಒಂದೇ ಕುಂಡದ ಗಿಡಗಳು, ಅಷ್ಟೇ. ಬೇಕರಿಯವನ ಮುಖ ಹಬೆಯಾಡುವ ಬ್ರೆಡ್ಡಿಗೆ ನೀರು ಚೆಲ್ಲಿದಂತೆ ಮುದುಡಿತು. ಮೇಷ್ಟ್ರು ಬೆಳಗಿನಿಂದ ಹಿಡಿದಿಟ್ಟ ಉಸಿರು ಬಿಟ್ಟು, ಕುರ್ಚಿಯ ಹಿಡಿಕೆಗೆ ಕೈಹಾಕಿ ಇಳಿಜಾರಿನ ಕಡೆ ತಿರುಗಿಸಿದರು.

"ಅಯ್ಯಯ್ಯೋ, ನಿಲ್ಲಿ ಮೇಷ್ಟ್ರೇ." ರಾಯರು ಎರಡೂ ಕೈ ಚಾಚಿ ಅಡ್ಡ ನಿಂತರು. "ಇದರ ಮೇಲೆ ಗಾಲಿ ಹತ್ತಿಸ್ತೀರಾ? ಮೂರು ತಲೆಮಾರಿನ ಹಿಂದಿನ ವಸ್ತುವನ್ನು ಕಣ್ಣಿಂದ ನೋಡಬಹುದೇ ಹೊರತು ಕಾಲು ಸೋಕಬಾರದು, ಭಾರ ಹೇರಬಾರದು ಅಂತ ನಿಯಮ ಇದೆಯಲ್ಲ."

ತಾಯಿ ನಿಧಾನವಾಗಿ ತಲೆಯೆತ್ತಿದರು.

"ಇಂಥಾ ನಿಯಮ ಮಾಡಿದ ಪುಣ್ಯಾತ್ಮ ಯಾರಪ್ಪ?"

ರಾಯರು, ಬೇಕರಿಯವನು, ಬಾಗಿಲಲ್ಲಿ ನಿಂತ ಹೆಂಡತಿ, ಮೂವರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಇರುವೆಗಳ ಕಡೆ ನೋಡಿದರು.

ಮಗಳ ಮನೆಯ ಮಾತು ಎತ್ತಲು ತಾಯಿಗೆ ಸಮಯವೇ ಸಿಗಲಿಲ್ಲ. ಬೀದಿಗೆ ಇಂಥ ಆಸ್ತಿ ಉಳಿಸಿಕೊಟ್ಟ ಮನೆತನದ ಹಿರಿಯರು ಬಿಸಿಲಲ್ಲಿ ಕೂರುವುದೇ ಎಂದು ರಾಯರು ಕುರ್ಚಿಯ ಒಂದು ಮೂಲೆ ಹಿಡಿದರು. ಸೋತರೂ ಮನಸ್ಸು ಒಳ್ಳೆಯದಾಗಿದ್ದ ಬೇಕರಿಯವನು ಇನ್ನೊಂದು ಹಿಡಿದ. ಡ್ರೈವರ್ ಮೂರನೆಯದು. ನಾಲ್ಕನೆಯದಕ್ಕೆ ಮೇಷ್ಟ್ರು. ಮೂರು ಮೆಟ್ಟಿಲನ್ನೂ ಏದುಸಿರು ಬಿಡುತ್ತಾ ಹತ್ತಿಸಿದರು.

ಒಳಗೆ ಕುರ್ಚಿ ಇಳಿಸಿದ ಮೇಲೆ ತಾಯಿ ಸೆರಗು ಸರಿಮಾಡಿಕೊಂಡರು.

"ನಾಲ್ಕು ಜನ ಹೊರೋದು ಒಂದೇ ಸಲ ಅಂದಿದ್ದೆ. ನನ್ನ ಪಾಲಿಂದು ಇವತ್ತಿಗೆ ಮುಗೀತು. ಇನ್ನು ಈ ಮನೆಯಿಂದ ಹೊರಗೆ ಹೋದ್ರೆ ನನ್ನ ಕಾಲ ಮೇಲೇ. ಅಲ್ಲೀವರೆಗೂ ನಿನ್ನನ್ನ ಬೈಕೊಂಡು ಇಲ್ಲೇ ಇರ್ತೀನಿ ಕಣೋ. ಹೋಗು, ಟೀ ಮಾಡಿಸು."

ಮನೆಯಲ್ಲಿ ಟೀಪುಡಿ ಉಳಿದಿರಲಿಲ್ಲ.

ಟೀಪುಡಿ ತರಲು ಮೇಷ್ಟ್ರು ಹೊರಗೆ ಬಂದಾಗ ರಾಯರು ಇಳಿಜಾರಿನ ಸುತ್ತ ಹಗ್ಗ ಬಿಗಿಯುತ್ತಿದ್ದರು. ದಿನಾ ಬೆಳಿಗ್ಗೆ ಮೃದುವಾದ ಬ್ರಶ್ಶಿನಿಂದ ಧೂಳು ತೆಗೆಯುವ ಹೊಣೆಯನ್ನು ಡ್ರಾಯಿಂಗ್ ಮೇಷ್ಟ್ರಿಗೇ ವಹಿಸಿದ್ದಾಗಿ ತಿಳಿಸಿದರು. ಹಗ್ಗದಾಚೆ, ಬಿಸಿಲಿಗೆ ಬೆಚ್ಚಗಾದ ಕಲ್ಲಿನ ಮೇಲೆ, ಬೇಕರಿಯ ಬೆಕ್ಕು ಕಾಲು ಚಾಚಿ ಮಲಗಿತ್ತು. ಬೆಕ್ಕಿನ ಬಗ್ಗೆ ಮೇಷ್ಟ್ರು ನಿಯಮ ಬರೆದಿರಲಿಲ್ಲ.