ಹೆಬ್ಬಾವಿನ ಕಾಲು, ಮನುಷ್ಯನ ತುಪ್ಪಳ

ದನದ ಡಾಕ್ಟರಿಗೆ ಬಾಯಿ ಸುಮ್ಮನಿರಬೇಕು. ನನ್ನದು ಇರುತ್ತಿರಲಿಲ್ಲ. ಅರವತ್ತರ ದಶಕದ ಶುರುವಿನಲ್ಲಿ ಓದು ಮುಗಿಸಿ ಯಸಳೂರು ಕಡೆ ಕೆಲಸಕ್ಕೆ ಬಂದವನು, ಹಸುವಿಗೆ ಔಷಧಿ ಕುಡಿಸುತ್ತಲೇ ಹಸುವಿನ ಯಜಮಾನನಿಗೆ ಜೀವವಿಕಾಸ ಕುಡಿಸುತ್ತಿದ್ದೆ. ಹಾವು, ನಾಯಿ, ಕೋತಿ, ಮನುಷ್ಯ ಎಲ್ಲರ ಮೂಲ ಒಂದೇ, ಹಳೆಯ ಗುರುತು ಇನ್ನೂ ಮೈಮೇಲೆ ಉಳಿದಿದೆ ಅನ್ನುತ್ತಿದ್ದೆ. ಜನ ತಲೆಯಾಡಿಸಿ ಹೋಗುತ್ತಿದ್ದರು. ಆದರೆ ಸಾಕ್ಷಿ ತೋರಿಸಬೇಕಾದ ಹೊತ್ತು ಮಾತ್ರ ಯಾವಾಗಲೂ ನನ್ನ ಎದೆ ಡವಗುಟ್ಟುವಾಗಲೇ ಬರುತ್ತಿತ್ತು.

ಕೂದಲು ನಿಮಿರಿದ್ದು

ಒಂದು ಸಂಜೆ ನಾನೂ ನಮ್ಮ ಕಾಂಪೌಂಡರೂ ಕಾಲುಬಾಯಿ ಜ್ವರ ಬಂದ ದನಗಳನ್ನು ನೋಡಿಕೊಂಡು, ಸೈಕಲ್ ತಳ್ಳುತ್ತಾ ಏರು ಹತ್ತುತ್ತಿದ್ದೆವು. ಅವನ ಕರಿನಾಯಿ ಮುಂದಿತ್ತು. ತಿರುವಿನಲ್ಲಿ ಚಿರತೆ ಕೂತಿತ್ತು.

ನಾಯಿಯ ಕುತ್ತಿಗೆಯಿಂದ ಬಾಲದವರೆಗೆ ಕೂದಲು ಮುಳ್ಳಿನಂತೆ ನಿಂತಿತು. ನನ್ನ ತೋಳಿನ ಕೂದಲೂ ನಿಂತಿತು. ಚಿರತೆ ನಮ್ಮನ್ನು ಒಬ್ಬೊಬ್ಬರಾಗಿ ನೋಡಿತು. ಆಮೇಲೆ ಏನನ್ನಿಸಿತೋ, ಎದ್ದು ಕಾಫಿಗಿಡಗಳ ಒಳಗೆ ಇಳಿದುಹೋಯಿತು.

ದೂರದಲ್ಲಿ ಮನೆಯ ದೀಪ ಕಂಡ ಮೇಲೆ ನನಗೆ ಮಾತು ಬಂತು.

"ನೋಡಿದೆಯಾ? ಪ್ರಾಣಿಗಳು ಹೆದರಿದಾಗ ತುಪ್ಪಳ ನಿಮಿರಿಸಿ ದೊಡ್ಡದಾಗಿ ಕಾಣ್ತವೆ. ನಮಗೆ ತುಪ್ಪಳ ಹೋಯ್ತು, ಅಭ್ಯಾಸ ಉಳೀತು. ಮೈ ಜುಮ್ಮನ್ನೋದು ಅದೇ!"

ಕಾಂಪೌಂಡರ್ ಬೆವರು ಒರೆಸಿಕೊಂಡ. "ದಿಟ ಸಾರ್. ನಮ್ ನಾಯಿ ಕರಡಿಯಂಗೆ ಕಾಣ್ತು. ನೀವ್ ಮಾತ್ರ ನನ್ ಬೆನ್ನಿಂದೆ ಕಾಣಿಸ್ದಂಗೆ ಆಗ್ಬುಟ್ಟಿದ್ರಿ."

ಹಾವಿನ ಹೆಜ್ಜೆ

ಒಂದು ಎಸ್ಟೇಟಿನ ಗೌಡರ ಆಡನ್ನು ಹೆಬ್ಬಾವು ನುಂಗಿ ಚರಂಡಿಯಲ್ಲಿ ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಗೌಡರು ಕೋವಿ ಹಿಡಿದು ನಿಂತಿದ್ದರು.

"ಕೊಲ್ಲಬೇಡಿ ಗೌಡ್ರೇ, ಅಪರೂಪದ ಜೀವ. ಹಾವಿನ ಹಿಂದಿನವರಿಗೆ ಕಾಲಿತ್ತು. ಆ ಗುರುತು ಇದರ ಮೈಮೇಲಿದೆ," ಅಂದೆ.

"ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತಾರೆ. ನೀವೂ ಬಲ್ಲವರಾದ್ರೆ ತೋರ್ಸಿ. ಕಾಲು ಕಂಡ್ರೆ ಕಾಡಿಗೆ ಬಿಡುಸ್ತೀನಿ, ಕಾಣ್ದಿದ್ರೆ ಕೋವಿ ಐತೆ."

ಆಳುಗಳು ಕವೆಗೋಲಿನಿಂದ ತಲೆ ಒತ್ತಿ ಹಿಡಿದರು. ಕಾಂಪೌಂಡರ್ ನಡುವನ್ನು ತಬ್ಬಿಕೊಂಡ. ನಾನು ಬಾಲದ ಬುಡ ತಡವಿದೆ. ಮೊದಲು ಏನೂ ಸಿಗಲಿಲ್ಲ. ಗೌಡರು ಕೋವಿಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದರು. ಕೊನೆಗೆ ಸಿಕ್ಕಿತು, ಅಕ್ಕಪಕ್ಕ ಒಂದೊಂದು ಪುಟ್ಟ ಕೊಕ್ಕೆಯುಗುರು, ಹಿಂಗಾಲಿನ ಗುರುತು.

ಗೌಡರು ಬಗ್ಗಿ ನೋಡಿದರು. "ಐತೆ ಕಣ್ರೋ! ಎರಡೂ ಐತೆ!"

"ಒಳಗಡೆ ತೊಡೆಮೂಳೆಯ ಚೂರೂ ಇದೆ," ಅಂತ ನಾನು ಪಾಠ ಶುರು ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ. ಹಾವು ಕಾಂಪೌಂಡರನ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತಿತ್ತು.

"ಸಾರ್, ಅದರ ಕಾಲು ಆಮೇಲೆ ತೋರ್ಸಿ. ಮೊದ್ಲು ನನ್ ಕಾಲು ಬಿಡ್ಸಿ!"

ಮೈತುಂಬ ಕೂದಲಿನ ಕೂಸು

ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ಬಂದರು. "ಸಾರ್, ಬ್ಯಾಗ್ ತಗೊಳ್ಳಿ. ಹೆರಿಗೆ ಆಗೈತೆ."

"ಹಸುನಾ, ಎಮ್ಮೆನಾ?"

"ನನ್ ಹೆಂಡ್ತಿ ಸಾರ್."

"ನಾನು ದನದ ಡಾಕ್ಟರು ಕಣ್ರೀ! ಸಕಲೇಶಪುರದ ಡಾಕ್ಟರಿಗೆ ಹೇಳಿ ಕಳಿಸಿ."

"ಕಳ್ಸಿದೀನಿ, ಅವ್ರು ಬರೋದು ತಡ ಆಗ್ತದೆ. ಅಲ್ದೆ, ಹುಟ್ಟಿರೋದು ನಿಮ್ ಕಡೆಗೆ ಸೇರುತ್ತೋ, ಅವ್ರ್ ಕಡೆಗೆ ಸೇರುತ್ತೋ ಅಂತ ನಮ್ಮವ್ವಂಗೆ ಅನುಮಾನ."

ಹೋಗಿ ನೋಡಿದರೆ ಮೊರದಲ್ಲಿ ಅಂಗೈಯಷ್ಟು ಹೆಣ್ಣುಕೂಸು. ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಹಣೆ, ಹೆಗಲು, ಬೆನ್ನು, ಎಲ್ಲೆಲ್ಲೂ ನವಿರಾದ ಕಪ್ಪು ಕೂದಲು. ಬಾಣಂತಿ ಚಾಪೆಯ ಮೇಲೆ ಕೈ ಚಾಚಿ ಅಳುತ್ತಿದ್ದಳು. ಅತ್ತೆ ನಡುವೆ ನಿಂತು ಕೂಸನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೂಸಿನ ಅಳು ಆಗಲೇ ಸಣ್ಣಗಾಗುತ್ತಿತ್ತು.

ಮನುಷ್ಯರ ಕೂಸನ್ನು ನಾನು ಅವತ್ತಿನವರೆಗೆ ಪರೀಕ್ಷಿಸಿದವನೇ ಅಲ್ಲ. ಡಾಕ್ಟರು ಅಂತ ಅತ್ತೆ ನನಗೆ ಮಾತ್ರ ದಾರಿ ಬಿಟ್ಟಳು. ಕೈ ತೊಳೆದು ಬಂದು ಕೂಸಿನ ಅಂಗೈಗೆ ಬೆರಳು ಕೊಟ್ಟೆ. ಗಟ್ಟಿಯಾಗಿ ಹಿಡಿದುಕೊಂಡಿತು. ಖುಷಿಯಲ್ಲಿ ಬಾಯಿ ಜಾರಿತು. "ನೋಡಿ, ಕೋತಿಮರಿ ತಾಯಿಯ ತುಪ್ಪಳ ಹಿಡಿಯೋದೂ ಹಿಂಗೇ!"

"ಅಯ್ಯೋ ಶಿವನೇ! ಡಾಕ್ಟ್ರೇ ಕೋತಿ ಅಂದ್ಬುಟ್ರಲ್ಲೋ!" ಮುದುಕಿ ಎದೆ ಬಡಿದುಕೊಂಡಳು.

"ಅಮ್ಮಾ, ಅಲ್ಲ! ಬಸುರಲ್ಲಿ ಎಲ್ಲ ಕೂಸಿಗೂ ಈ ತುಪ್ಪಳ ಬರುತ್ತೆ. ನಿಮಗೂ ಬಂದಿತ್ತು, ನನಗೂ ಬಂದಿತ್ತು. ನಮ್ಮ ಬಹಳ ಹಿಂದಿನವರ ಗುರುತು ಅದು. ಇವಳು ಅವಸರಪಟ್ಟು ಮೊದಲೇ ಬಂದಿದ್ದಾಳೆ, ಅಷ್ಟೇ. ತಾನಾಗೇ ಉದುರುತ್ತೆ. ಈಗ ತಾಯಿಯ ಎದೆಗೆ ಕೊಡಿ, ಕೂಸು ತಣ್ಣಗಾಗ್ತಿದೆ!"

"ನಮ್ ವಂಶದಾಗೆ ಇಂಥದ್ದಿಲ್ಲ. ಉದುರ್ದೇ ಹೋದ್ರೆ?"

ಆಗ, ಮದುವೆಯಾದಾಗಿನಿಂದ ಅತ್ತೆಗೆ ಎದುರಾಡದಿದ್ದ ಆ ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು. "ಅತ್ತೆ, ನಿಮ್ ಮಗನ ಅಂಗಿ ಬಿಚ್ಚಿಸಿ ಬೆನ್ನು ನೋಡಿ. ಇವರದ್ದು ಉದುರೈತಾ? ನೀವು ಸಾಕ್ಲಿಲ್ವಾ?"

ರೈಟರು ಕತ್ತಿನ ಗುಂಡಿ ಹಾಕಿಕೊಂಡರು. ಮುದುಕಿ ಮಗನನ್ನು ನೋಡಿದಳು, ಮೊರವನ್ನು ನೋಡಿದಳು. ಮೆಲ್ಲಗೆ ಬಗ್ಗಿ ಕೂಸನ್ನು ಎತ್ತಿ ಸೊಸೆಯ ಎದೆಗಿಟ್ಟಳು. ಕೂಸು ಮೊಲೆ ಕಚ್ಚಿತು.

"ಇವನ್ದೂ ಉದುರ್ತೈತೆ ಅಂತ್ಲೇ ನಮ್ ಸೂಲಗಿತ್ತಿ ಹೇಳಿದ್ಲು ಕಣವ್ವ," ಅಂದಳು ಮುದುಕಿ. "ಮೂವತ್ತು ವರ್ಷ ಆಯ್ತು. ಇನ್ನೂ ಕಾಯ್ತಾ ಇದೀನಿ."