ಅರ್ಧ ಇಂಚು ಸಡಿಲ

ನಮ್ಮ ಸೋದರಮಾವ ಜೀವಮಾನದಲ್ಲಿ ಇಳಿಜಾರಿನ ಸುಖ ಕಂಡವರಲ್ಲ. ಅದೂ ಆಲ್ದೂರಿನಲ್ಲಿದ್ದುಕೊಂಡು! ತೊಂಬತ್ತರ ದಶಕದಲ್ಲಿ ಊರಿಗೆಲ್ಲ ಸ್ಕೂಟರ್ ಬಂದರೂ ಅವರದು ಸೈಕಲ್ಲೇ. ಉಳಿದ ಸೈಕಲ್ಲಿನವರು ಇಳಿಜಾರಿನಲ್ಲಿ ಕಾಲು ಆಡಿಸದೆ ಹಾಯಾಗಿ ಜಾರಿಹೋಗುತ್ತಿದ್ದರೆ, ಮಾವ ಅಲ್ಲೂ ದಡಬಡ ಪೆಡಲು ತುಳಿಯುತ್ತಿದ್ದರು. ನಿಜ ಹೇಳಬೇಕೆಂದರೆ ಪೆಡಲುಗಳೇ ಅವರ ಕಾಲನ್ನು ಕುಣಿಸುತ್ತಿದ್ದವು. ಫ್ರೀವೀಲ್ ಕಿತ್ತುಹಾಕಿಸಿ ಫಿಕ್ಸೆಡ್ ಗೇರ್ ಕೂರಿಸಿಕೊಂಡ ಮಹಾನುಭಾವರು ಅವರು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು, ಕಾಲಿಗೆ ಬಿಡುವೇ ಇಲ್ಲ.

"ಎಂತಕ್ಕೆ ಮಾವ ಈ ಕಷ್ಟ?" ಎಂದರೆ, "ಮಳೇಲಿ ಬ್ರೇಕಿನ ರಬ್ಬರ್ ನಂಬಕ್ಕಾಗುತ್ತಾ ಮಾರಾಯ? ನಂಗೆ ನನ್ನ ಕಾಲೇ ಬ್ರೇಕು" ಎನ್ನುತ್ತಿದ್ದರು.

ಕಾಲೇ ಬ್ರೇಕಾದ ಮೇಲೆ ಚೈನೇ ಪ್ರಾಣ! ತೀರ ಬಿಗಿಯಾದರೆ ಚಕ್ರ ನರಳುತ್ತದೆ, ಸಡಿಲಾದರೆ ಇಳಿಜಾರಿನಲ್ಲಿ ಕಳಚಿಕೊಂಡು ಸವಾರನನ್ನು ಕಾಫಿ ಗಿಡಗಳ ನಡುವೆ ಬಿಸಾಡುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು. ಒತ್ತಿ ನೋಡುವುದು, ನಟ್ಟು ಸಡಿಲಿಸಿ ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುವುದು, ಮತ್ತೆ ಒತ್ತುವುದು, ಮಾವನಿಗೆ ದಿನಾ ಇದೇ ಕೆಲಸ. ಬಟ್ಟೆ ಅಂಗಡಿಯ ಮಾಲೀಕರು ಬೇರೆ! ಚೈನಿನ ಎಣ್ಣೆ ಮೆತ್ತಿದ ಆ ಕಪ್ಪು ಹೆಬ್ಬೆರಳಲ್ಲಿ ಬಿಳಿ ಪಂಚೆ ಬಿಡಿಸಿ ತೋರಿಸಿದರೆ ಯಾರು ಕೊಂಡಾರು?

ಮಗಳನ್ನು ನೋಡಲು ಜಾವಳಿಯಿಂದ ಗಂಡಿನ ಕಡೆಯವರು ಬಂದಾಗಲೂ ಮಾವ ಅಂಗಳದಲ್ಲಿ ಚೈನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಗಂಡಿನ ತಂದೆ ಅವರನ್ನು ರಿಪೇರಿಯವನೆಂದು ತಿಳಿದು, "ಯಜಮಾನ್ರು ಇದಾರೇನಪ್ಪ?" ಎಂದರು. ಮಾವ ತಲೆಯೆತ್ತದೆ, "ಒಂದ್ನಿಮಿಷ ಕೂತ್ಕೊಳ್ಳಿ, ಬರ್ತಾರೆ" ಎಂದರಂತೆ!

"ನನ್ನ ಮಂಡಿಗೆ ಎಣ್ಣೆ ಹಚ್ಚೋರಿಲ್ಲ, ಆ ಚೈನಿಗೆ ಮಾತ್ರ ದಿನಾ ಅಭ್ಯಂಜನ" ಎಂದು ಅತ್ತೆ ಗೊಣಗುತ್ತಿದ್ದರು.

ಅದೇ ಅತ್ತೆಗೆ ಪಾರ್ಶ್ವವಾಯು ಬಡಿದು ಎಡಗಾಲು ಮರಗಟ್ಟಿಹೋಯಿತು. ಕಾಲನ್ನು ದಿನವೂ ಆಡಿಸುತ್ತಿರಿ, ಜೀವ ಬಂದರೂ ಬರಬಹುದು ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿ ಕಳಿಸಿದರು. "ಬರೋದಿಲ್ಲ ಬಿಡಿ. ಇನ್ನು ಈ ಕುರ್ಚಿನೇ ಗತಿ" ಎಂದು ಅತ್ತೆ ಸುಮ್ಮನಾಗಿಬಿಟ್ಟರು. ಗೊಣಗಾಟವೇ ಇಲ್ಲದ ಆ ಮನೆಯಲ್ಲಿ ನನಗೆ ಅಳು ಬರುತ್ತಿತ್ತು.

ಮಾವ ಸೈಕಲನ್ನು ಜಗಲಿಗೆ ಎತ್ತಿ ತಂದು ಸ್ಟ್ಯಾಂಡ್ ಹಾಕಿದರು. ಎಡಕ್ಕೆ ಅತ್ತೆಯ ಕುರ್ಚಿ ಇಟ್ಟು, ಅವರ ಎಡಗಾಲನ್ನು ಹಳೇ ಪಂಚೆಯ ಚೂರಿನಿಂದ ಪೆಡಲಿಗೆ ಕಟ್ಟಿದರು. ತಾವು ಬಲಕ್ಕೆ ಕೂತು ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಚಕ್ರದ ಜತೆ ಪೆಡಲು ತಿರುಗಿತು, ಪೆಡಲಿನ ಜತೆ ಕಾಲು. ಊರಿನ ಬೇರೆ ಯಾವ ಸೈಕಲ್ಲಿಂದಲೂ ಇದು ಆಗುತ್ತಿರಲಿಲ್ಲ! ಮಳೆಗಾಲವಿಡೀ ಹೀಗೇ ನಡೆಯಿತು. ಚೈನು ಸಡಿಲಾದರೆ ಕಾಲು ಜಗ್ಗೀತೆಂದು ಮಾವ ಒತ್ತಿ ನೋಡುವುದು ಇನ್ನೂ ಹೆಚ್ಚಾಯಿತು.

ಒಂದು ಬೆಳಿಗ್ಗೆ ನಾನೂ ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ. ಚಕ್ರ ತಿರುಗಿಸುತ್ತಿದ್ದ ಮಾವ ತಟ್ಟನೆ ಚೈನಿನತ್ತ ಬಗ್ಗಿದರು. ಅವರು ಚಕ್ರ ತಿರುಗಿಸಿ ಪೆಡಲು ಮೇಲೇರುವಾಗ ಯಾವತ್ತೂ ಚೈನಿನ ಕೆಳಗಿನ ಎಳೆ ಬಿಗಿಯಾಗಿ, ಮೇಲಿನದು ಸಡಿಲವಾಗಿರುತ್ತಿತ್ತು. ಇವತ್ತು ಮೇಲಿನದೂ ಆಗಾಗ ಬಿಗಿಯಾಗುತ್ತಿತ್ತು. ಪೆಡಲಿನ ಕಡೆಯಿಂದ ಬಲ ಬೀಳದೆ ಅದು ಬಿಗಿಯಾಗುವುದಿಲ್ಲ. "ಮೇಲಿನದೂ ಬಿಗಿ ಆಗ್ತಾ ಇದೆಯಲ್ಲೇ!" ಎಂದರು ಮಾವ.

"ಕಾಲಿನ ಭಾರಕ್ಕಿರ್ಬೇಕು ಬಿಡಿ," ಅತ್ತೆ ಎತ್ತಲೋ ನೋಡುತ್ತ ಹೇಳಿದರು.

"ಭಾರ ಆದ್ರೆ ಪೆಡಲು ಇಳಿಯುವಾಗ ಬಿಗಿ ಆಗ್ಬೇಕು. ಇದು ಏರುವಾಗ ಆಗ್ತಾ ಇದೆ." ಮಾವ ಮೇಲಿನ ಎಳೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ನೀನೇ ಎತ್ತುತಾ ಇದೀಯ ಕಣೇ!"

ಅವರು ಚಕ್ರದಿಂದ ಕೈ ತೆಗೆದರು. ಪೆಡಲು ಕೆಳಗೆ ನಿಂತಿತು. ಅತ್ತೆ ಹಲ್ಲು ಕಚ್ಚಿದರು. ಕಾಲು ಪೆಡಲನ್ನು ಒಂದು ಗೇಣು ಮೇಲಕ್ಕೆ ತಂದು ಸೋತು ಕೆಳಗಿಳಿಯಿತು. ಮಾವ ಕಣ್ಣೊರೆಸಿಕೊಂಡು ಮತ್ತೆ ಚಕ್ರಕ್ಕೆ ಕೈ ಚಾಚಿದರು.

"ನೀವು ಮುಟ್ಬೇಡಿ," ಎಂದರು ಅತ್ತೆ, "ಇನ್ನೊಂದ್ಸಲ ಎತ್ತುತೀನಿ."