ಮಾವನ ಸಮಾಧಿಯಲ್ಲಿ ಕೆಂಪು ಹಕ್ಕಿ

ಖಾಲಿ ಗೋಡೆ ಕಂಡರೆ ನನ್ನ ಸೋದರಮಾವನಿಗೆ ಕೈ ತುರಿಸುತ್ತದೆ. ಶಿಕಾರಿಪುರದ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬರುತ್ತಾರೆಂದರೆ ನೆಂಟರು ಮೊದಲು ಮಾಡುವ ಕೆಲಸವೇನು ಗೊತ್ತೇ? ಗೋಡೆಗೆ ಬೀರು ಅಡ್ಡ ನಿಲ್ಲಿಸುವುದು! ಸೊರಬದ ನಮ್ಮ ಹೊಸ ಮನೆಗೆ ಬೀರು ಇನ್ನೂ ಬಂದಿರಲಿಲ್ಲ. ಅಮ್ಮ ಸಂತೆಗೆ ಹೋಗಿ ಬರುವಷ್ಟರಲ್ಲಿ ನಡುಮನೆಯ ಗೋಡೆಯಲ್ಲಿ ಬಳ್ಳಿಗಾವಿಯ ಗಂಡಭೇರುಂಡ ರೆಕ್ಕೆ ಬಿಚ್ಚಿತ್ತು. ಅಮ್ಮ ಮರುದಿನವೇ ಸುಣ್ಣ ಹೊಡೆಸಿದಳು. "ಅಕ್ಕ ನನ್ನ ಹಕ್ಕೀನ ಕೊಂದ್ಲು" ಎಂದು ಮಾವ ಎದ್ದು ಹೋದರು. ಅವತ್ತಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಇಬ್ಬರಿಗೂ ಅದು ಒಳಗೊಳಗೇ ಸಂಕಟ. ಆದರೆ ಮೊದಲು ಸೋಲುವವರು ಯಾರು?

ಮೊನ್ನೆ ಬೆಳಿಗ್ಗೆ ಅತ್ತೆಯ ಫೋನು. ಅಮ್ಮ ಸ್ಪೀಕರಿಗೆ ಹಾಕಿದಳು, ಲೈನು ಕರಕರ ಅನ್ನುತ್ತಿತ್ತು. "ಅಕ್ಕಾರ, ಇವತ್ತು ಮಧ್ಯಾಹ್ನ ಹೊಲದಾಗ ಇವರ್ದು ಕ್ರಿಯಾಸಮಾಧಿ ಐತಿ, ಎಲ್ಲಾರೂ ಬರ್ರಿ." ಅಷ್ಟಕ್ಕೇ ಕಟ್ ಆಯಿತು. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಕ್ರಿಯಾಸಮಾಧಿ ಎಂದರೆ ಅದೇ. ತಿರುಗಿ ಮಾಡಿದರೆ ಫೋನು ಹತ್ತಲಿಲ್ಲ. ಅತ್ತೆಯ ದನಿಯಲ್ಲಿ ಅಳು ಇರಲಿಲ್ಲ, ನಿಜ. ಮಾವನ ಜೊತೆ ಅಷ್ಟು ವರ್ಷ ಬಾಳಿದವರಿಗೆ ಅಳು ಎಲ್ಲಿ ಉಳಿದೀತು ಅಂದುಕೊಂಡೆ.

ಬಸ್ಸಿನಲ್ಲಿ ಅಮ್ಮ ಹಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಒಂದ್ ಮಾತು ಆಡ್ಬೋದಿತ್ತು ಕಣೋ" ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಹೊಲದಲ್ಲಿ ಗುಂಡಿಯೂ ಇಲ್ಲ, ಜನವೂ ಇಲ್ಲ. ಪಂಪ್‌ಹೌಸಿನ ಬಾಗಿಲಲ್ಲಿ ಅತ್ತೆ ಆರಾಮಾಗಿ ಮಂಡಕ್ಕಿ ಕಲಸುತ್ತಿದ್ದರು! ಒಳಗೆ ಇಣುಕಿದೆ. ಒಂದು ಗೋಡೆಯಲ್ಲಿ ನೀಲಿ ಡ್ರ್ಯಾಗನ್, ಎದುರಿಗೆ ಬಿಳಿ ಹುಲಿ, ಮೋಟಾರಿನ ಸ್ಟಾರ್ಟರ್ ಪಕ್ಕದಲ್ಲಿ ಆಮೆಯನ್ನು ಸುತ್ತಿಕೊಂಡ ಹಾವು. ಏಣಿಯ ಮೇಲೆ ನಿಂತು ಕೆಂಪು ಹಕ್ಕಿಗೆ ಬಾಲ ಬರೆಯುತ್ತಿದ್ದವರು ಸಾಕ್ಷಾತ್ ನಮ್ಮ ದಿವಂಗತ ಮಾವ!

"ಕೊರಿಯಾ ಸಮಾಧಿ ಕಣೋ" ಅಂದರು, ನನ್ನನ್ನು ನೋಡಿ. "ಗೊಗುರ್ಯೊ ಅಂತ ಹಳೇ ರಾಜ್ಯ. ರಾಜರನ್ನ ಹೂತ ಕೋಣಿ ಒಳಗ ಹಿಂಗ ಬರದಾರ. ಫೋನಿನ್ಯಾಗ ನೋಡ್ದೆ. ಅಷ್ಟು ವರ್ಷ ಆದ್ರೂ ಯಾರೂ ಸುಣ್ಣ ಹೊಡಿಸಿಲ್ಲ, ನೋಡು."

"ಕ್ರಿಯಾ ಅಲ್ವಾ, ಕೊರಿಯಾನಾ?" ಅಂದೆ.

"ಫೋನಿನ್ಯಾಗ ಅದನ್ನೇ ಹೇಳಿದ್ನೆಲ್ಲ" ಅಂದರು ಅತ್ತೆ.

ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. ಅವಳ ಕೈಯಲ್ಲಿ ಹಾರ ಕಂಡದ್ದೇ ತಡ, ಉದ್ಘಾಟನೆಗೆ ತಂದಿದ್ದಾಳೆಂದು ಮಾವ ಸಡಗರದಿಂದ ಇಳಿದು ಕತ್ತು ಬಗ್ಗಿಸಿ ನಿಂತರು. ಅಮ್ಮ ಹಾರ ಹಾಕಲಿಲ್ಲ. ಬಣ್ಣ ಮೆತ್ತಿದ ಅವರ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನೇ ಹೋಗ್ಬಿಟ್ರೆ ನಾನು ಯಾರ ಹತ್ರ ಮಾತು ಬಿಡ್ಲೋ?"

ಮಾವನಿಗೆ ಏನೂ ತಿಳಿಯಲಿಲ್ಲ. "ಅಕ್ಕಾ" ಎಂದು ಅತ್ತುಬಿಟ್ಟರು.